ಟ್ರಾಕ್ಟರ್ ಸಾಹುಕಾರ ಕಟ್ಟಿದ ಕಾರು, ಯಾರೂ ತಿರುಗಿ ನೋಡದ ಇಸ್ಲೆರೊ

ಮಡಕಶಿರಾ: ಪೆನುಕೊಂಡ ಹತ್ತಿರದ ಎರ್ರಮಂಚಿಯಲ್ಲಿ ಕಿಯಾ ಕಂಪನಿಯ ಕಾರ್ಖಾನೆ 2019ರಲ್ಲಿ ಕಾರು ಹೊರತರಲು ಶುರು ಮಾಡಿದ ಮೇಲೆ ನಮ್ಮ ಗಡಿಭಾಗದ ಹಳ್ಳಿಕಟ್ಟೆಗಳಲ್ಲಿ ಕಾರಿನ ಮಾತು ಹೊಸದೇನಲ್ಲ. ಹೆದ್ದಾರಿ ಪಕ್ಕದ ಚಹಾ ಅಂಗಡಿಯಲ್ಲಿ ನಿಂತರೆ ಸಾಕು, ಹೊಸ ಕಾರುಗಳನ್ನು ಹೊತ್ತ ಉದ್ದುದ್ದ ಲಾರಿಗಳು ಸಾಲಾಗಿ ಹೋಗುವುದು ಕಾಣುತ್ತದೆ. ಅವುಗಳನ್ನು ನೋಡುತ್ತ ನಿಲ್ಲುವ ಹುಡುಗರ ಬಾಯಲ್ಲಿ ಆಗಾಗ ಬರುವ ಇನ್ನೊಂದು ಹೆಸರು ಲ್ಯಾಂಬೋರ್ಗಿನಿ. ಸಿನಿಮಾದಲ್ಲಿ, ಮೊಬೈಲ್ ಆಟದಲ್ಲಿ ಆ ಕಾರನ್ನು ಕಂಡವರೇ ಎಲ್ಲರೂ. ಆದರೆ ಆ ಹೆಸರಿನ ಮನುಷ್ಯ ಒಬ್ಬ ರೈತನ ಮಗ, ಕಾರಿಗೂ ಮೊದಲು ಹೊಲ ಉಳುವ ಟ್ರಾಕ್ಟರ್ ಮಾಡಿದವನು ಎಂಬುದು ಎಷ್ಟು ಮಂದಿಗೆ ಗೊತ್ತು? ರಾಯದುರ್ಗದ ಕಡೆ ಶೇಂಗಾ ಎನ್ನುವ, ಮಡಕಶಿರಾದ ಕಡೆ ಕಡ್ಲೆಕಾಯಿ ಎನ್ನುವ ಬೆಳೆಯನ್ನೇ ನಂಬಿ ಸಾಲ ಮಾಡಿ ಟ್ರಾಕ್ಟರ್ ಕೊಂಡವರಿಗೆ ಈತನ ಕಥೆ ಹೊರಗಿನದು ಅನ್ನಿಸಲಾರದು.

ಫೆರುಚಿಯೊ ಲ್ಯಾಂಬೋರ್ಗಿನಿ ಹುಟ್ಟಿದ್ದು 1916ರ ಏಪ್ರಿಲ್ 28ರಂದು, ಇಟಲಿಯ ಉತ್ತರಕ್ಕಿರುವ ಎಮಿಲಿಯಾ ಸೀಮೆಯ ರೆನಾಜೊ ಎಂಬ ಹಳ್ಳಿಯಲ್ಲಿ. ಹತ್ತಿರದ ಪಟ್ಟಣ ಚೆಂತೊ. ತಂದೆ ಆಂಟೋನಿಯೊ, ತಾಯಿ ಎವೆಲಿನಾ. ಮನೆತನದ ಕಸುಬು ದ್ರಾಕ್ಷಿ ಬೇಸಾಯ. ಮಗನಿಗೆ ಬಳ್ಳಿಗಿಂತ ನೇಗಿಲು, ನೇಗಿಲಿಗಿಂತ ಅದನ್ನೆಳೆಯುವ ಯಂತ್ರದ ಮೇಲೆ ಮನಸ್ಸು. ಬೊಲೊನ್ಯಾ ಬಳಿಯ ತಾಂತ್ರಿಕ ಶಾಲೆಯಲ್ಲಿ ಒಂದಿಷ್ಟು ಓದಿ ಮೆಕ್ಯಾನಿಕ್ ಕೆಲಸ ಕಲಿತ.

1940ರಲ್ಲಿ ಯುದ್ಧದ ಕರೆ ಬಂತು. ವಾಯುಸೇನೆಗೆ ಸೇರಿಸಿಕೊಂಡರು. ಆದರೆ ಆತ ವಿಮಾನ ಹತ್ತಲಿಲ್ಲ. ಆಗ ಇಟಲಿಯ ವಶದಲ್ಲಿದ್ದ ರೋಡ್ಸ್ ದ್ವೀಪದಲ್ಲಿ ಸೇನೆಯ ಗಾಡಿಗಳನ್ನು ರಿಪೇರಿ ಮಾಡುವ ಘಟಕಕ್ಕೆ ಹಾಕಿದರು, ಕೊನೆಗೆ ಅದರ ಮೇಲ್ವಿಚಾರಕನೂ ಆದ. ಸುತ್ತಲೂ ಸಮುದ್ರ, ಬಿಡಿಭಾಗ ಬರುವ ದಾರಿ ಇಲ್ಲ. ಇದ್ದ ಸಾಮಾನಿನಲ್ಲೇ ಇಲ್ಲದ್ದನ್ನು ಹೊಂದಿಸಿ ಗಾಡಿ ಓಡಿಸಬೇಕು. ನಮ್ಮ ಹಳ್ಳಿಗಾಡಿನ ಗ್ಯಾರೇಜ್ ಮೇಸ್ತ್ರಿಗಳಿಗೆ ಈ ವಿದ್ಯೆ ಹೇಳಿಕೊಡಬೇಕಿಲ್ಲ. 1945ರಲ್ಲಿ ದ್ವೀಪ ಬ್ರಿಟಿಷರ ಕೈಸೇರಿದಾಗ ಸೆರೆಸಿಕ್ಕ, ಮರುವರ್ಷ ಊರಿಗೆ ಮರಳಿದ.

ಮರಳಿದವನಿಗೆ ಸುಖ ಬಹಳ ದಿನ ನಿಲ್ಲಲಿಲ್ಲ. 1947ರಲ್ಲಿ ಮಗ ತೊನಿನೊ ಹುಟ್ಟಿದ, ಹೆರಿಗೆಯಲ್ಲೇ ಹೆಂಡತಿ ಕ್ಲೆಲಿಯಾ ತೀರಿಕೊಂಡಳು. ಕೈಗೂಸು, ಒಂದು ಸಣ್ಣ ಗ್ಯಾರೇಜು, ಯುದ್ಧದಿಂದ ಬರಿದಾದ ದೇಶ. ಆತ ಉಳಿದದ್ದು ಕೆಲಸದಲ್ಲಿ ಮುಳುಗಿ.

ಪೆಟ್ರೋಲಿನಲ್ಲಿ ಶುರು, ಡೀಸೆಲ್ಲಿನಲ್ಲಿ ಓಟ

ಯುದ್ಧ ಮುಗಿದ ಇಟಲಿಯಲ್ಲಿ ರೈತರಿಗೆ ಟ್ರಾಕ್ಟರ್ ಬೇಕಿತ್ತು, ಕೊಳ್ಳಲು ದುಡ್ಡಿರಲಿಲ್ಲ. ಇನ್ನೊಂದೆಡೆ ಸೇನೆಗಳು ಬಿಟ್ಟುಹೋದ ಲಾರಿ, ಎಂಜಿನ್ನು, ಗೇರ್‌ಬಾಕ್ಸುಗಳ ರಾಶಿ ಬಿದ್ದಿತ್ತು. ಫೆರುಚಿಯೊ ಆ ರಾಶಿಯಲ್ಲಿ ಮಾರಿಸ್ ಕಂಪನಿಯ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು ಆರಿಸಿಕೊಂಡ. ತೊಂದರೆ ಒಂದೇ, ಪೆಟ್ರೋಲು ದುಬಾರಿ. ಅದಕ್ಕೆ ಆತ ಒಂದು ಉಪಾಯ ಹೂಡಿದ. ಎಂಜಿನ್ನನ್ನು ಪೆಟ್ರೋಲಿನಲ್ಲಿ ಶುರು ಮಾಡುವುದು, ಬಿಸಿಯಾದ ಮೇಲೆ ಅಗ್ಗದ ಡೀಸೆಲ್ಲಿಗೆ ತಿರುಗಿಸುವುದು. ಎಣ್ಣೆಯನ್ನು ಕಾಯಿಸಿ ಆವಿ ಮಾಡಿ ಎಂಜಿನ್ನಿಗೆ ಕೊಡುವ ಸಾಧನವೊಂದನ್ನು ತಾನೇ ಮಾಡಿದ. ಪೆಟ್ರೋಲ್ ಹಾಕಿ ಎಳೆದು ಸೀಮೆಎಣ್ಣೆಯಲ್ಲಿ ಓಡಿಸುತ್ತಿದ್ದ ಬಾವಿ ಪಂಪ್‌ಸೆಟ್ಟು ನೋಡಿದ ನಮ್ಮ ಹಿರಿಯರಿಗೆ ಇದು ತಕ್ಷಣ ಅರ್ಥವಾಗುತ್ತದೆ.

ಕರಿಯೋಕಾ ಎಂಬ ಹೆಸರಿನ ಆ ಮೊದಲ ಟ್ರಾಕ್ಟರ್ ಊರಲ್ಲಿ ಮಾತಾಯಿತು. 1948ರಲ್ಲಿ ಚೆಂತೊದಲ್ಲಿ ಟ್ರಾಕ್ಟರ್ ಕಂಪನಿ ಸ್ಥಾಪನೆಯಾಯಿತು. ದೊಡ್ಡ ಪ್ರಮಾಣದಲ್ಲಿ ಎಂಜಿನ್ ಕೊಳ್ಳಲು ಅಪ್ಪನ ಹೊಲವನ್ನೇ ಅಡವಿಟ್ಟರು ಎಂದು ಆತನ ಜೀವನ ಬರೆದವರು ಹೇಳುತ್ತಾರೆ. ಹೊಲ ಅಡವಿಡುವುದೆಂದರೆ ಏನೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅದೃಷ್ಟವೋ ಬುದ್ಧಿಯೋ, ಆ ಹೊಲ ಉಳಿಯಿತು.

ಅದೇ 1948ರಲ್ಲಿ ಇನ್ನೊಂದು ಸಾಹಸವೂ ನಡೆಯಿತು. ಫಿಯೆಟ್ ಕಂಪನಿಯ ತೊಪೊಲಿನೊ ಎಂಬ ಪುಟ್ಟ ಕಾರನ್ನು ಬಿಚ್ಚಿ, ಅದರ ಎಂಜಿನ್ನನ್ನು 750 ಸಿಸಿಗೆ ಹಿಗ್ಗಿಸಿ, ಮಿಲ್ಲೆ ಮಿಲ್ಯಾ ಎಂಬ ಸಾವಿರ ಮೈಲಿಯ ರಸ್ತೆ ಪಂದ್ಯಕ್ಕೆ ಇಳಿದ. ಸುಮಾರು 1,100 ಕಿಲೋಮೀಟರ್ ಓಡಿಸಿದ ಮೇಲೆ ತೊರಿನೊ ಬಳಿಯ ಫಿಯಾನೊದಲ್ಲಿ ಕಾರು ನೇರ ಒಂದು ಹೋಟೆಲಿನ ಗೋಡೆಗೆ ನುಗ್ಗಿತು. ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ರೇಸಿನ ಹುಚ್ಚು ಆವತ್ತಿಗೇ ಇಳಿಯಿತು. ಮುಂದೆ ಕಾರು ಕಂಪನಿ ಕಟ್ಟಿದಾಗಲೂ ತನ್ನ ಕಾರು ರೇಸಿಗೆ ಹೋಗಕೂಡದು ಎಂಬ ಹಟ ಹಿಡಿದಿದ್ದ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯ ಕೀಲಿ ಇದರಲ್ಲೇ ಇದೆ.

1950ರ ದಶಕದಲ್ಲಿ ಟ್ರಾಕ್ಟರ್ ವ್ಯಾಪಾರ ಬೆಳೆಯಿತು. ಆಮೇಲೆ ಮನೆ ಬೆಚ್ಚಗಿಡುವ ಎಣ್ಣೆಯ ಬರ್ನರು, ಹವಾನಿಯಂತ್ರಣ ಯಂತ್ರಗಳ ಕಾರ್ಖಾನೆಯೂ ಬಂತು. ರೈತನ ಮಗ ಸಾಹುಕಾರನಾದ.

ಕ್ಲಚ್ ಪ್ಲೇಟಿನ ಜಗಳ

ದುಡ್ಡು ಬಂದ ಮೇಲೆ ಒಳ್ಳೆಯ ಕಾರಿನ ಆಸೆ. ಆಲ್ಫಾ ರೋಮಿಯೊ, ಲಾಂಚಿಯಾ, ಮಸೆರಾಟಿ, ಮರ್ಸಿಡಿಸ್, ಜಾಗ್ವಾರ್ ಎಲ್ಲವೂ ಮನೆಗೆ ಬಂದವು. 1958ರಲ್ಲಿ ಫೆರಾರಿ 250 ಜಿಟಿ ಬಂತು, ಅದರ ಹಿಂದೆ ಮತ್ತೂ ಕೆಲವು ಫೆರಾರಿಗಳು. ಇಲ್ಲಿ ಜಿಟಿ ಎಂದರೆ ಗ್ರಾನ್ ಟುರಿಸ್ಮೊ, ದೂರ ಪ್ರಯಾಣದ ಕಾರು. ಬೆಳಿಗ್ಗೆ ಒಂದೂರಲ್ಲಿ ಹೊರಟು ನೂರಾರು ಮೈಲಿ ವೇಗವಾಗಿ ಓಡಿ, ಸಂಜೆ ಇನ್ನೊಂದೂರಲ್ಲಿ ಕೋಟಿನ ಇಸ್ತ್ರಿ ಕೆಡದಂತೆ ಇಳಿಯಬೇಕು. ಅಂಥ ಕಾರು ವೇಗವಾಗಿಯೂ ಇರಬೇಕು, ಮೈಕೈ ನೋಯಿಸಲೂಬಾರದು.

ಫೆರುಚಿಯೊಗೆ ಫೆರಾರಿಯ ವೇಗ ಹಿಡಿಸಿತು, ಉಳಿದದ್ದು ಹಿಡಿಸಲಿಲ್ಲ. ಗದ್ದಲ ಜಾಸ್ತಿ, ಒಳಗಿನ ಕೆಲಸ ಒರಟು. ರೇಸಿನ ಕಾರಿಗೆ ಸೀಟು ಹಾಕಿ ಕೊಟ್ಟಂತಿದೆ ಎಂಬುದು ಆತನ ದೂರು. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕ್ಲಚ್ಚು. ಮತ್ತೆ ಮತ್ತೆ ಕೆಡುತ್ತಿತ್ತು. ಪ್ರತಿ ಸಲವೂ ಮರನೆಲ್ಲೊದ ಕಾರ್ಖಾನೆಗೆ ಒಯ್ಯಬೇಕು. ಅಲ್ಲಿ ಕಾರನ್ನು ಒಳಗೆ ತಳ್ಳಿ ಬಾಗಿಲು ಹಾಕಿಕೊಳ್ಳುತ್ತಿದ್ದರು, ಮಾಲೀಕ ಹೊರಗೆ ಗಂಟೆಗಟ್ಟಲೆ ಕಾಯಬೇಕು. ದಿನವಿಡೀ ಟ್ರಾಕ್ಟರ್ ಬಿಚ್ಚಿ ಜೋಡಿಸುವ ಮನುಷ್ಯನಿಗೆ ಇದು ಹೇಗೆ ಸಹಿಸೀತು? ತನ್ನ ಕಾರ್ಖಾನೆಯಲ್ಲೇ ಬಿಚ್ಚಿಸಿ ನೋಡಿದಾಗ ಆ ದುಬಾರಿ ಕಾರಿನಲ್ಲಿದ್ದದ್ದು ತನ್ನ ಟ್ರಾಕ್ಟರಿಗೆ ತಾನೇ ಹಾಕುತ್ತಿದ್ದಂಥ ಕ್ಲಚ್ಚು ಎಂಬ ಕಥೆ ಪ್ರಸಿದ್ಧ. ಎಂಜೊ ಫೆರಾರಿಯ ಬಳಿ ದೂರು ಹೇಳಲು ಹೋದಾಗ, ಟ್ರಾಕ್ಟರ್ ಓಡಿಸುವವನಿಗೆ ಫೆರಾರಿಯ ಗೊಡವೆ ಏಕೆ ಎಂಬ ಧಾಟಿಯ ಉತ್ತರ ಸಿಕ್ಕಿತಂತೆ. ಈ ಪ್ರಸಂಗವನ್ನು ಮುಂದೆ ಫೆರುಚಿಯೊ ತಾನೇ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಹೇಳುತ್ತ ಹೇಳುತ್ತ ಸ್ವಲ್ಪ ಉಪ್ಪುಖಾರ ಸೇರಿರಲೂಬಹುದು.

ಅವಮಾನ ಒಂದೇ ಕಾರಣ ಎನ್ನುವುದು ಮಾತ್ರ ಪೂರ್ತಿ ಸತ್ಯವಲ್ಲ. ಆತ ಲೆಕ್ಕದ ಮನುಷ್ಯ. ಟ್ರಾಕ್ಟರಿನಲ್ಲಿ ಬಳಸುವ ಭಾಗವನ್ನೇ ಇಂಥ ಕಾರಿಗೆ ಹಾಕಿದರೆ ಲಾಭ ಮೂರು ಪಟ್ಟು ಎಂಬುದು ಆತನ ಕಣ್ಣಿಗೆ ಬಿದ್ದಿತ್ತು.

1963ರಲ್ಲಿ ಸಾಂತಾಗಾತಾ ಬೊಲೊನ್ಯೇಸೆ ಎಂಬ ಊರಲ್ಲಿ ಹೊಸ ಕಾರ್ಖಾನೆ ಎದ್ದಿತು. ಮರನೆಲ್ಲೊಗೂ ಅಲ್ಲಿಗೂ ಹೆಚ್ಚುಕಡಿಮೆ ಮಡಕಶಿರಾದಿಂದ ಹಿಂದೂಪುರಕ್ಕೆ ಇರುವಷ್ಟೇ ದೂರ. ಎಂಜಿನ್ನಿನ ಕೆಲಸವನ್ನು ಆತ ಒಪ್ಪಿಸಿದ್ದು ಎರಡು ವರ್ಷದ ಹಿಂದೆ ಫೆರಾರಿ ಬಿಟ್ಟು ಬಂದಿದ್ದ ಜ್ಯೊತ್ತೊ ಬಿಜ್ಜಾರಿನಿಗೆ. ಫೆರಾರಿ ಎಂಜಿನ್ನಿಗಿಂತ ಹೆಚ್ಚು ಬರುವ ಒಂದೊಂದು ಕುದುರೆಶಕ್ತಿಗೂ ಇಷ್ಟು ಎಂದು ಹೆಚ್ಚುವರಿ ಹಣ ಕೊಡುವ ಕರಾರು. ಹನ್ನೆರಡು ಸಿಲಿಂಡರಿನ, ಮೂರೂವರೆ ಲೀಟರಿನ ಎಂಜಿನ್ನು ಅದೇ ವರ್ಷದ ಮೇ ತಿಂಗಳಲ್ಲಿ ಬೆಂಚಿನ ಮೇಲೆ ಮೊದಲ ಬಾರಿ ಗುಡುಗಿತು. ಶಕ್ತಿಗೇನೂ ಕೊರತೆ ಇರಲಿಲ್ಲ. ಆದರೆ ಅದು ರೇಸಿಗೆ ಹದವಾದ ಎಂಜಿನ್ನು. ಸಾಹುಕಾರನಿಗೆ ಬೇಕಾದದ್ದು ಊರೂರು ತಿರುಗುವ ಸಾಧು ಎಂಜಿನ್ನು. ಇಬ್ಬರಿಗೂ ಮನಸ್ತಾಪವಾಗಿ ಬಿಜ್ಜಾರಿನಿ ಹೊರಟುಹೋದ. ಅದನ್ನು ಪಳಗಿಸುವ ಕೆಲಸ ಜ್ಯಾನ್‌ಪಾವ್ಲೊ ದಲ್ಲಾರಾ, ಪಾವ್ಲೊ ಸ್ತಾನ್ಸಾನಿ ಮತ್ತು ನ್ಯೂಜಿಲೆಂಡಿನಿಂದ ಬಂದ ಬಾಬ್ ವ್ಯಾಲೇಸ್ ಮೇಲೆ ಬಿತ್ತು. ಮೂವರಿಗೂ ಆಗ ಮೂವತ್ತು ತುಂಬಿರಲಿಲ್ಲ.

ಅದೇ ವರ್ಷ ತೊರಿನೊ ಪ್ರದರ್ಶನಕ್ಕೆ ಮೊದಲ ಮಾದರಿ ಕಾರನ್ನು ಒಯ್ದರು. ನಗೆಪಾಟಲಿನ ಸಂಗತಿ ಎಂದರೆ ಎಂಜಿನ್ನು ಆ ಬಾನೆಟ್ಟಿನಡಿ ಕೂರಲಿಲ್ಲ. ಭಾರಕ್ಕೆಂದು ಇಟ್ಟಿಗೆ ಹೆಂಚಿನಂಥ ಸಾಮಾನು ತುಂಬಿ, ಬಾನೆಟ್ಟು ಮುಚ್ಚಿಟ್ಟು ಜನರಿಗೆ ತೋರಿಸಿದರು. 1964ರಲ್ಲಿ 350 ಜಿಟಿ ಎಂಬ ನಿಜವಾದ ಕಾರು ಮಾರಾಟಕ್ಕೆ ಬಂತು. ಕಾರಿನ ಮೇಲೆ ಗೂಳಿಯ ಗುರುತು. ಆತನದು ವೃಷಭ ರಾಶಿ, ಜೊತೆಗೆ ಸ್ಪೇನಿನಲ್ಲಿ ಕಾಳಗದ ಗೂಳಿ ಸಾಕುವ ಮಿಯುರಾ ಮನೆತನದ ಕೊಟ್ಟಿಗೆ ನೋಡಿ ಮರುಳಾಗಿದ್ದ. ಹಳ್ಳಿಕಾರ್ ಹೋರಿಯ ಸುಳಿ ನೋಡಿ ಬೆಲೆ ಕಟ್ಟುವ ನಮ್ಮ ಕಡೆಯವರು ಇದನ್ನು ಒಪ್ಪಿಯಾರು.

ತಮ್ಮನ ಹೊಳಪಿನಲ್ಲಿ ಮಂಕಾದ ಅಣ್ಣ

ದಲ್ಲಾರಾ ಮತ್ತು ಗೆಳೆಯರಿಗೆ ರೇಸಿನ ಆಸೆ ಹೋಗಿರಲಿಲ್ಲ. ಕೆಲಸದ ವೇಳೆ ಮುಗಿದ ಮೇಲೆ ಸೇರಿಕೊಂಡು, ಎಂಜಿನ್ನನ್ನು ಡ್ರೈವರಿನ ಬೆನ್ನ ಹಿಂದೆ ಅಡ್ಡಡ್ಡ ಇಟ್ಟ ಒಂದು ಕಾರಿನ ನಕ್ಷೆ ಮಾಡಿದರು. ಪ್ರಚಾರಕ್ಕಾದರೂ ಆಗಲಿ ಎಂದು ಸಾಹುಕಾರ ಒಪ್ಪಿದ. ಅದೇ 1966ರ ಮಿಯುರಾ. ಅದನ್ನು ಕಂಡು ಜಗತ್ತು ಹುಚ್ಚೆದ್ದಿತು. ಸುಮಾರು 760 ಮಿಯುರಾ ತಯಾರಾದವು. ಲ್ಯಾಂಬೋರ್ಗಿನಿ ಎಂದರೆ ನೆಲಕ್ಕೆ ಅಂಟಿದ, ಇಬ್ಬರೇ ಕೂರುವ, ಅಬ್ಬರದ ಕಾರು ಎಂಬ ಭಾವನೆ ಹುಟ್ಟಿದ್ದು ಅಲ್ಲಿಂದ.

ಫೆರುಚಿಯೊ ಕಟ್ಟಲು ಹೊರಟಿದ್ದ ಕಾರು ಅದಾಗಿರಲಿಲ್ಲ. ಆತನ ಮನಸ್ಸಿನ ಕಾರು ಬಂದದ್ದು 1968ರ ಜಿನೀವಾ ಪ್ರದರ್ಶನದಲ್ಲಿ. ಹೆಸರು ಇಸ್ಲೆರೊ. 1947ರ ಆಗಸ್ಟಿನಲ್ಲಿ ಸ್ಪೇನಿನ ಲಿನಾರೆಸ್ ಊರಲ್ಲಿ ಮನೊಲೆತೆ ಎಂಬ ಹೆಸರಾಂತ ಗೂಳಿ ಕಾಳಗದವನನ್ನು ಇರಿದು ಕೊಂದ ಗೂಳಿಯ ಹೆಸರದು. ಹೆಸರು ಇಷ್ಟು ಭಯಂಕರ, ಕಾರು ಮಾತ್ರ ಬಲು ಸೌಮ್ಯ. ನೇರ ಗೆರೆಗಳು, ಅಗಲವಾದ ಗಾಜು, ಬೇಕೆಂದಾಗ ಎದ್ದು ಬೇಡವಾದಾಗ ಮಲಗುವ ಹೆಡ್‌ಲೈಟು. ಮುಂದೆ ಇಬ್ಬರಿಗೆ ಹಾಯಾದ ಜಾಗ, ಹಿಂದೆ ಮಕ್ಕಳು ಕೂರುವಷ್ಟು ಸೀಟು, ಪ್ರಯಾಣದ ಪೆಟ್ಟಿಗೆ ಇಡಲು ಡಿಕ್ಕಿ. ಬಾನೆಟ್ಟಿನಡಿ ಮಾತ್ರ ಅದೇ ಹನ್ನೆರಡು ಸಿಲಿಂಡರಿನ ಎಂಜಿನ್ನು, ಈಗ ನಾಲ್ಕು ಲೀಟರಿಗೆ ಬೆಳೆದದ್ದು, 325 ಕುದುರೆಶಕ್ತಿ. ಗಂಟೆಗೆ 240 ಕಿಲೋಮೀಟರ್ ದಾಟಿ ಓಡುತ್ತಿತ್ತು. ಮಿಲಾನಿನ ಹೆಸರಾಂತ ತುರಿಂಗ್ ಬಾಡಿ ಕಂಪನಿ ಮುಳುಗಿದ ಮೇಲೆ, ಅಲ್ಲಿ ಕೆಲಸ ಮಾಡಿದ್ದ ಮರಾಜ್ಜಿ ಈ ಕಾರಿನ ಬಾಡಿ ಕಟ್ಟಿದ.

ದುರದೃಷ್ಟ ನೋಡಿ. ಅದೇ ಪ್ರದರ್ಶನದಲ್ಲಿ ಅದೇ ಕಂಪನಿಯ ಎಸ್ಪಾದಾ ಎಂಬ ಕಾರೂ ಪಕ್ಕದಲ್ಲೇ ಇತ್ತು. ನಾಲ್ಕು ಜನ ಆರಾಮಾಗಿ ಕೂರಬಹುದಾದ, ಕಂಡರಿಯದ ಆಕಾರದ ಕಾರು. ಒಂದೆಡೆ ಮಿಯುರಾ, ಇನ್ನೊಂದೆಡೆ ಎಸ್ಪಾದಾ. ನಡುವಿನ ಇಸ್ಲೆರೊ ಕಡೆ ಯಾರು ನೋಡಬೇಕು? ಮೊದಮೊದಲ ಕಾರುಗಳಲ್ಲಿ ಬಾಡಿಯ ಕೆಲಸವೂ ಅಚ್ಚುಕಟ್ಟಾಗಿರಲಿಲ್ಲ. ಮರುವರ್ಷ ತಪ್ಪುಗಳನ್ನು ತಿದ್ದಿ, 350 ಕುದುರೆಶಕ್ತಿಯ ಇಸ್ಲೆರೊ ಎಸ್ ತಂದರು. ಆ ಹೊತ್ತಿಗೆ ಜನರ ಗಮನ ಬೇರೆಡೆ ಹೋಗಿತ್ತು. ಎರಡೂ ಸೇರಿ ಮಾರಾಟವಾದದ್ದು 225 ಮಾತ್ರ. ಎಸ್ಪಾದಾ 1978ರವರೆಗೆ 1,217 ಖರ್ಚಾದದ್ದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ. 1970ರಲ್ಲಿ ರೋಜರ್ ಮೂರ್ ನಟಿಸಿದ ಒಂದು ಇಂಗ್ಲಿಷ್ ಸಿನಿಮಾದಲ್ಲಿ ಇಸ್ಲೆರೊ ಕಾಣಿಸಿಕೊಂಡಿತು, ಅಷ್ಟೇ ಅದರ ಭಾಗ್ಯ.

ಆದರೆ ಕಾರ್ಖಾನೆಯ ಯಜಮಾನ ಆ ದಿನಗಳಲ್ಲಿ ತಾನು ಓಡಾಡಲು ಇಟ್ಟುಕೊಂಡದ್ದು ಇಸ್ಲೆರೊ. ಆತನ ತಮ್ಮ ಎದ್ಮೊಂದೊ ಕೂಡ ಅದನ್ನೇ ಓಡಿಸುತ್ತಿದ್ದ. ಬೇಕೆಂದರೆ ದಿನಕ್ಕೊಂದು ಮಿಯುರಾ ಹತ್ತಬಹುದಾಗಿದ್ದ ಮನುಷ್ಯ ಜಗತ್ತು ಬೇಡವೆಂದ ಕಾರಿನಲ್ಲಿ ಕೂತು ಕಾರ್ಖಾನೆಗೆ ಹೋಗಿ ಬರುತ್ತಿದ್ದ. ಫೆರಾರಿ ಬಾಗಿಲಲ್ಲಿ ಕಾಯುತ್ತ ಆತ ಕೇಳಿದ್ದು ಇಂಥದ್ದನ್ನೇ ತಾನೆ? 1970ರಲ್ಲಿ ಇಸ್ಲೆರೊ ಜಾಗಕ್ಕೆ ಜರಾಮ ಬಂತು, 328 ತಯಾರಾಗಿ ಅದೂ ಮೂಲೆ ಸೇರಿತು. ಮಿಯುರಾದ ಓಟ, ಎಸ್ಪಾದಾದ ಸುಖ ಎರಡಕ್ಕೂ ನಡುವಿನ ಹದ ಎಂದು ಫೆರುಚಿಯೊ ಜರಾಮವನ್ನೂ ಬಹಳ ಮೆಚ್ಚಿಕೊಂಡಿದ್ದ.

ಅಂದ ಹಾಗೆ, ಈ ಕಾರುಗಳನ್ನು ಇಂದು ಇಟ್ಟುಕೊಂಡವರ ಪಾಡು ವಿಚಿತ್ರ. ಮಿಯುರಾ ಇವತ್ತು ಹರಾಜಿನಲ್ಲಿ ಹತ್ತಾರು ಕೋಟಿ ರೂಪಾಯಿಗೆ ಹೋಗುತ್ತದೆ. ಇಸ್ಲೆರೊ, ಜರಾಮಗಳ ಬೆಲೆ ಅದರ ಸಣ್ಣ ಪಾಲು. ಆದರೆ ಎಂಜಿನ್ನು ಒಂದೇ ಮನೆತನದ್ದು. ನಾಲ್ಕು ಕ್ಯಾಮ್‌ಶಾಫ್ಟು, ಇಪ್ಪತ್ನಾಲ್ಕು ವಾಲ್ವು, ಎರಡೆರಡು ಬಾಯಿಯ ಆರು ವೆಬರ್ ಕಾರ್ಬ್ಯುರೇಟರು. ಹನ್ನೆರಡೂ ಬಾಯಿ ಒಂದೇ ಸಮನೆ ಉಸಿರಾಡುವಂತೆ ಟ್ಯೂನ್ ಮಾಡಬೇಕಾದರೆ ಬಲ್ಲ ಮೇಸ್ತ್ರಿಯೇ ಬೇಕು. ಎಂಜಿನ್ ಬಿಚ್ಚಿಸಿದರೆ ಬರುವ ಬಿಲ್ಲು ಮಿಯುರಾದ್ದಕ್ಕಿಂತ ಕಡಿಮೆಯೇನೂ ಅಲ್ಲ. ತಗಡಿಗೆ ತುಕ್ಕು ಹಿಡಿದರೆ, ಮುಂದಿನ ಗಾಜು ಒಡೆದರೆ ಹುಡುಕಾಟ ಶುರು. ಅಂಗಡಿಯಲ್ಲಿ ಸಿಗುವ ಮಾಲೇ ಅಲ್ಲ. 2015ರಲ್ಲಿ ಕಂಪನಿ ಹಳೆಯ ಕಾರುಗಳಿಗೆಂದೇ ಪೋಲೊ ಸ್ತೊರಿಕೊ ಎಂಬ ವಿಭಾಗ ತೆರೆದ ಮೇಲೆ ಸ್ವಲ್ಪ ಅನುಕೂಲವಾಗಿದೆ. ಲಾಭದ ಲೆಕ್ಕ ಹಾಕುವವರು ಇದರ ಸಹವಾಸಕ್ಕೆ ಬರುವುದಿಲ್ಲ. ಮನಸೋತವರು ಮಾತ್ರ ಸಾಕುತ್ತಾರೆ.

ಮತ್ತೆ ಮಣ್ಣಿಗೆ

ಎತ್ತರಕ್ಕೇರಿದ್ದು ಎಷ್ಟು ಬೇಗವೋ ಇಳಿದದ್ದೂ ಅಷ್ಟೇ ಬೇಗ. 1971ರಲ್ಲಿ ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿ ಸೇನೆ ಅಧಿಕಾರ ಹಿಡಿಯಿತು. ಅಲ್ಲಿಗೆ ಹೋಗಬೇಕಿದ್ದ ಟ್ರಾಕ್ಟರುಗಳ ಭಾರಿ ಆರ್ಡರು ರದ್ದಾಯಿತು. ತಯಾರಾದ ಮಾಲು ಅಂಗಳದಲ್ಲೇ ಉಳಿಯಿತು. ಕಾರ್ಮಿಕ ಸಂಘಗಳ ಬಲ ಜೋರಾಗಿದ್ದ ಕಾಲ, ಆಳುಗಳನ್ನು ಕಡಿಮೆ ಮಾಡುವಂತಿರಲಿಲ್ಲ. ಕೊನೆಗೆ ಟ್ರಾಕ್ಟರ್ ಕಂಪನಿ ಅದೇ ಇಟಲಿಯ ಸಾಮೆ ಎಂಬ ಸಂಸ್ಥೆಯ ಪಾಲಾಯಿತು. ಈ ಸಾಮೆ ಕಂಪನಿ 1990ರ ದಶಕದಲ್ಲಿ ನಮ್ಮ ಪಕ್ಕದ ತಮಿಳುನಾಡಿನ ರಾಣಿಪೇಟೆಗೂ ಬಂದು ಟ್ರಾಕ್ಟರ್ ಕಾರ್ಖಾನೆ ತೆರೆಯಿತು ಎಂಬುದು ಬೇರೆ ಮಾತು.

ಅಪ್ಪನ ಹೊಲದ ಮೇಲೆ ಕಟ್ಟಿದ ಕಂಪನಿ ಅದು. ಅದು ಕೈಬಿಟ್ಟ ಮೇಲೆ ಕಾರಿನ ಕಂಪನಿಯೂ ನಿಲ್ಲಲಿಲ್ಲ. 1972ರಲ್ಲಿ ನೂರಕ್ಕೆ 51 ಪಾಲನ್ನು 6 ಲಕ್ಷ ಡಾಲರಿಗೆ ಸ್ವಿಸ್ ಉದ್ಯಮಿ ಜಾರ್ಜ್ ಹೆನ್ರಿ ರೊಸೆಟ್ಟಿಗೆ ಮಾರಿದ. 1973ರಲ್ಲಿ ತೈಲ ಬಿಕ್ಕಟ್ಟು ಬಂದು ದೊಡ್ಡ ಎಂಜಿನ್ನಿನ ಕಾರು ಕೇಳುವವರಿಲ್ಲವಾದರು. 1974ರಲ್ಲಿ ಉಳಿದ 49 ಪಾಲೂ ಹೋಯಿತು. ಹೆಸರು ಮಾತ್ರ ಕಾರಿನ ಮೇಲೆ ಉಳಿಯಿತು. ಆ ಹೆಸರು 1978ರಲ್ಲಿ ದಿವಾಳಿ ಕಂಡಿತು, ಕೈಯಿಂದ ಕೈಗೆ ದಾಟಿ 1998ರಲ್ಲಿ ಜರ್ಮನಿಯ ಆಡಿ ಕಂಪನಿ ಸೇರಿತು. ಬಿಜ್ಜಾರಿನಿಯ ಎಂಜಿನ್ನು ಮಾತ್ರ ಗಟ್ಟಿ. ಹಿಗ್ಗಿಸುತ್ತ ತಿದ್ದುತ್ತ 2010ರವರೆಗೂ ಅದೇ ವಂಶದ ಎಂಜಿನ್ನನ್ನು ಕಂಪನಿ ಬಳಸಿತು.

ಐವತ್ತೆಂಟನೆಯ ವಯಸ್ಸಿಗೆ ಕೈಖಾಲಿ ಮಾಡಿಕೊಂಡ ಮನುಷ್ಯ ಏನು ಮಾಡಬೇಕು? ಫೆರುಚಿಯೊ ಹೊಲಕ್ಕೆ ಹೋದ. ಉಂಬ್ರಿಯಾ ಸೀಮೆಯ ತ್ರಾಸಿಮೆನೊ ಕೆರೆಯ ಬಳಿ ಸುಮಾರು 740 ಎಕರೆಯ ಲಾ ಫಿಯೊರಿತಾ ಎಂಬ ಜಮೀನಿನಲ್ಲಿ, ಅಪ್ಪ ಮಾಡುತ್ತಿದ್ದ ದ್ರಾಕ್ಷಿ ಬೇಸಾಯವನ್ನೇ ಹಿಡಿದ. ತನ್ನದೇ ವೈನು ತಯಾರಿಸಿದ. ಅದಕ್ಕೆ ಮಿಯುರಾದ ರಕ್ತ ಎಂಬ ಅಡ್ಡಹೆಸರು ಬಿತ್ತು. ಅಲ್ಲೂ ಮಿಯುರಾ ಹೆಸರೇ ಓಡಿತು, ಇಸ್ಲೆರೊ ಹೆಸರಿನಲ್ಲಿ ವೈನು ಮಾರುವುದು ಕಷ್ಟವಿತ್ತೇನೋ.

1993ರ ಫೆಬ್ರುವರಿಯಲ್ಲಿ ಹೃದಯಾಘಾತವಾಗಿ ಪೆರುಜಾದ ಆಸ್ಪತ್ರೆ ಸೇರಿದವನು 20ರಂದು ಕೊನೆಯುಸಿರೆಳೆದ. ವಯಸ್ಸು 76. ಮಣ್ಣು ಮಾಡಿದ್ದು ಹುಟ್ಟೂರು ರೆನಾಜೊದಲ್ಲಿ. ಹುಟ್ಟಿದ ದಿನವೇ ತಾಯಿಯನ್ನು ಕಳೆದುಕೊಂಡ ಮಗ ತೊನಿನೊ 2014ರಲ್ಲಿ ಬೊಲೊನ್ಯಾ ಬಳಿಯ ಫುನೊದಲ್ಲಿ, ಕುಟುಂಬದ ಹಳೆಯ ಕಾರ್ಖಾನೆಯೊಂದರ ಕಟ್ಟಡದಲ್ಲಿ, ತಂದೆಯ ಹೆಸರಿನ ಸಂಗ್ರಹಾಲಯ ತೆರೆದ. ಅಲ್ಲಿ ಹಳೆಯ ಟ್ರಾಕ್ಟರುಗಳೂ ಮಿಯುರಾ, ಜರಾಮಗಳೂ ಒಂದೇ ಸೂರಿನಡಿ ನಿಂತಿವೆ.